ಹೆಬ್ಬಾಗಿಲೊಳಗಣ ನಗರ: ಪುಣೆಯ ಮಗರಪಟ್ಟಾದ ಬೆಳವಣಿಗೆ ಮತ್ತು ಜೀವನ

೧. ವಿಷಯಪ್ರವೇಶ

ಭಾರತದ ಮಹಾನಗರಗಳ ಅಂಚಿನಲ್ಲಿ ಕಳೆದ ಮೂರು ದಶಕಗಳಿಂದ ಒಂದು ಹೊಸ ಬಗೆಯ ವಸತಿ ತಲೆಯೆತ್ತಿದೆ. ಸುತ್ತಲೂ ಗೋಡೆ, ಮುಂದೆ ಹೆಬ್ಬಾಗಿಲು, ಬಾಗಿಲಲ್ಲಿ ಹಗಲಿರುಳು ಕಾವಲು. ಒಳಗೆ ಅದಕ್ಕೇ ಮೀಸಲಾದ ರಸ್ತೆ, ಉದ್ಯಾನ, ಶಾಲೆ, ಅಂಗಡಿ, ನೀರಿನ ಸಂಗ್ರಹ, ಕಸದ ವಿಲೇವಾರಿ. ಊರಿನೊಳಗೆ ಇನ್ನೊಂದು ಊರೆಂಬಂತಿರುವ ಈ ರಚನೆಯನ್ನು ಜನರು ಇಂಗ್ಲಿಷಿನ ಮಾತಿನಲ್ಲಿಯೇ 'ಗೇಟೆಡ್ ಕಮ್ಯುನಿಟಿ' ಎಂದು ಕರೆಯುತ್ತಾರೆ. ಪ್ರಕೃತ ಲೇಖನದಲ್ಲಿ ಅದನ್ನು 'ಹೆಬ್ಬಾಗಿಲ ಬಡಾವಣೆ' ಎಂದು ವ್ಯವಹರಿಸಲಾಗಿದೆ.

ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಬಡಾವಣೆಗಳು ಅಪರಿಚಿತವಲ್ಲ. ಒಂದು ತಲೆಮಾರಿನ ಹಿಂದೆ ಚಾಳಿನಲ್ಲಿ, ಪೇಟೆಯ ವಾಡೆಗಳಲ್ಲಿ, ಸಹಕಾರಿ ವಸಾಹತುಗಳಲ್ಲಿ ಬಿಡಾರ ಹೂಡಿದವರ ಮಕ್ಕಳು ಇಂದು ಇಂತಹ ಬಡಾವಣೆಗಳಲ್ಲಿ ಮನೆ ಮಾಡಿದ್ದಾರೆ. ಆದರೆ ಅವು ಯಾರ ಭೂಮಿಯ ಮೇಲೆ, ಯಾವ ಕಾನೂನಿನ ಅಡಿಯಲ್ಲಿ, ಯಾರ ಹಣದಿಂದ ಹುಟ್ಟಿದವು. ಅವುಗಳನ್ನು ಆಳುವವರು ಯಾರು. ಗೋಡೆಯ ಹೊರಗೆ ಉಳಿದವರ ಪಾಡೇನು ಎಂಬ ವಿಚಾರ ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. ಮನೆ ಕೊಳ್ಳುವವನಿಗೆ ಇದು ಆಯುಷ್ಯದ ಗಳಿಕೆಯನ್ನು ತೊಡಗಿಸುವ ವ್ಯವಹಾರ. ಭೂಮಿ ಬಿಟ್ಟುಕೊಡುವ ರೈತನಿಗೆ ತಲೆತಲಾಂತರದ ಬಾಳ್ವೆಯ ಪ್ರಶ್ನೆ. ನಗರಕ್ಕೆ ತನ್ನ ರಸ್ತೆ, ನೀರು, ಮತಾಧಿಕಾರಗಳ ಪ್ರಶ್ನೆ. ಈ ಮೂರೂ ಎಳೆಗಳು ಒಂದೇ ಕಡೆ ಸ್ಪಷ್ಟವಾಗಿ ಕಾಣಿಸುವ ಸ್ಥಳ ಪುಣೆಯ ಪೂರ್ವಭಾಗದ ಹಡಪಸರದಲ್ಲಿರುವ ಮಗರಪಟ್ಟಾ ಸಿಟಿ. ಆದಕಾರಣ ಅದನ್ನೇ ಮುಖ್ಯ ನಿದರ್ಶನವಾಗಿ ಇಲ್ಲಿ ಪರಿಶೀಲಿಸಿದೆ.

೨. ಪೂರ್ವೇತಿಹಾಸ

ಬಾಗಿಲು ಹಾಕಿಕೊಂಡು ಒಟ್ಟಾಗಿ ಬಾಳುವುದು ಹೊಸ ಕಲ್ಪನೆಯೇನೂ ಅಲ್ಲ. ಅಹಮದಾಬಾದಿನ ಹಳೆಯ ನಗರದ 'ಪೋಳ'ಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಇಕ್ಕಟ್ಟಾದ ಓಣಿಯ ಬಾಯಲ್ಲಿ ಬಾಗಿಲು. ರಾತ್ರಿ ಅದು ಮುಚ್ಚುತ್ತಿತ್ತು. ಒಳಗಿನ ಮನೆವಂದಿಗರ ಪಂಚಾಯತಿಯೇ ಒಳಗಿನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿತ್ತು. ಬೆಂಗಳೂರಿನ ಪೇಟೆಗೂ ಬಾಗಿಲುಗಳಿದ್ದವು. ಕೋಟೆಯ ಗೋಡೆ ಅಳಿದರೂ ಹಲಸೂರು ಗೇಟು ಎಂಬ ಹೆಸರು ಅಳಿದಿಲ್ಲ.

ಕರ್ನಾಟಕದ ಶಾಸನಗಳಲ್ಲಿ ಕಾಣುವ ಅಗ್ರಹಾರ ಇನ್ನೊಂದು ದೃಷ್ಟಿಯಿಂದ ಹೋಲಿಕೆಗೆ ಯೋಗ್ಯವಾಗಿದೆ. ಅರಸನಿಂದ ದತ್ತವಾದ ಭೂಮಿ, ಅನೇಕ ತೆರಿಗೆಗಳಿಂದ ವಿನಾಯಿತಿ, ಮಹಾಜನರೆಂಬ ಒಡೆಯರ ಸಭೆ, ಆ ಸಭೆಯ ಅಧೀನದಲ್ಲಿ ಕೆರೆ, ದೇವಾಲಯ, ವಿದ್ಯಾಸ್ಥಾನ ಇವೆಲ್ಲ ಅಲ್ಲಿದ್ದವು. ಮಹಾಜನರ ಸಂಖ್ಯೆಯನ್ನು ಕೂಡ ಶಾಸನಗಳು ಎಷ್ಟೋ ಕಡೆ ನಮೂದಿಸುತ್ತವೆ. ಅಂದರೆ ಊರಿನ ಒಡೆತನದಲ್ಲಿ ಪಾಲುಳ್ಳವರು ಯಾರು, ಇಲ್ಲದವರು ಯಾರು ಎಂಬುದು ಅಂದು ನಿಶ್ಚಿತವಾಗಿತ್ತು. ಅಗ್ರಹಾರದ ಪ್ರವೇಶ ಜನ್ಮದಿಂದ ದೊರೆಯುತ್ತಿದ್ದರೆ ಇಂದಿನ ಬಡಾವಣೆಯ ಪ್ರವೇಶ ಹಣದಿಂದ ದೊರೆಯುತ್ತದೆ. ಇದು ದೊಡ್ಡ ವ್ಯತ್ಯಾಸವೇ ಸರಿ. ಆದರೂ ಪಾಲುದಾರರ ಸಭೆಯೊಂದು ತನ್ನ ಎಲ್ಲೆಯೊಳಗಿನ ಸಾರ್ವಜನಿಕ ಕಾರ್ಯಗಳನ್ನು ತಾನೇ ನಡೆಸುವ ಕ್ರಮ ಎರಡರಲ್ಲಿಯೂ ಸಮಾನ.

ಆಧುನಿಕ ಅರ್ಥದ ಹೆಬ್ಬಾಗಿಲ ಬಡಾವಣೆ ಅಮೆರಿಕೆಯಲ್ಲಿ ರೂಪುಗೊಂಡಿತು. ನ್ಯೂಜೆರ್ಸಿ ಪ್ರಾಂತದಲ್ಲಿ ೧೮೫೭ರಲ್ಲಿ ಲ್ಯುವೆಲಿನ್ ಹ್ಯಾಸ್ಕೆಲ್ ಎಂಬ ವರ್ತಕನು ಸ್ಥಾಪಿಸಿದ ಲ್ಯುವೆಲಿನ್ ಪಾರ್ಕ್ ಎಂಬ ವಸತಿಗೆ ಬಾಗಿಲುಮನೆಯೂ ಎಲ್ಲರಿಗೂ ಸೇರಿದ ಉಪವನವೂ ಇದ್ದವು. ವಿಜ್ಞಾನಿ ಎಡಿಸನ್ ೧೮೮೬ರಲ್ಲಿ ಅಲ್ಲಿಯೇ ಮನೆ ಕೊಂಡನು. ಸೇಂಟ್ ಲೂಯಿ ನಗರದಲ್ಲಿ ೧೮೭೦ರಿಂದ ವ್ಯಾಂಡೆವೆಂಟರ್ ಪ್ಲೇಸ್ ಮೊದಲಾದ 'ಖಾಸಗಿ ಬೀದಿ'ಗಳು ಹುಟ್ಟಿದವು. ಅಲ್ಲಿ ಬೀದಿಯೇ ಮನೆಯೊಡೆಯರ ಸ್ವತ್ತು. ಅದರ ದುರಸ್ತಿಯ ವೆಚ್ಚವೂ ಅವರದೇ. ಮನೆ ಹೇಗಿರಬೇಕೆಂಬ ಕಟ್ಟಳೆಗಳನ್ನು ಕ್ರಯಪತ್ರದಲ್ಲಿಯೇ ಬರೆಯಲಾಗುತ್ತಿತ್ತು. ಸುತ್ತಣ ನಗರದ ಸ್ವರೂಪ ಬದಲಾದಂತೆ ವ್ಯಾಂಡೆವೆಂಟರ್ ಪ್ಲೇಸಿನ ವೈಭವ ಕುಂದಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅದನ್ನು ಕೆಡವಲಾಯಿತು. ಸುತ್ತಲಿನ ಊರು ಕೆಟ್ಟರೆ ಗೋಡೆಯೊಳಗಿನ ಬೀದಿ ತಾನೊಂದೇ ಬಾಳಲಾರದೆಂಬುದಕ್ಕೆ ಇದು ಹಳೆಯ ಸಾಕ್ಷಿ.

ಈ ವಿಷಯದಲ್ಲಿ ಬಹುವಾಗಿ ಉಲ್ಲೇಖಗೊಳ್ಳುವ 'ಫೋರ್ಟ್ರೆಸ್ ಅಮೆರಿಕ' ಎಂಬ ಗ್ರಂಥವನ್ನು ಎಡ್ವರ್ಡ್ ಬ್ಲೇಕ್ಲಿ ಮತ್ತು ಮೇರಿ ಗೇಲ್ ಸ್ನೈಡರ್ ೧೯೯೭ರಲ್ಲಿ ಪ್ರಕಟಿಸಿದರು. ಇಂತಹ ವಸತಿಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ವಿಹಾರ ವಿರಾಮಗಳ ಸೌಕರ್ಯಕ್ಕಾಗಿ ಕಟ್ಟಿದವು, ಅಂತಸ್ತನ್ನು ತೋರುವುದಕ್ಕಾಗಿ ಕಟ್ಟಿದವು, ಕಳ್ಳಕಾಕರ ಭಯದಿಂದ ಬಾಗಿಲು ಹಾಕಿಕೊಂಡವು. ಭಾರತದ ಬಡಾವಣೆಗಳಲ್ಲಿ ಈ ಮೂರರ ಜೊತೆಗೆ ನಾಲ್ಕನೆಯ ಕಾರಣವೊಂದಿದೆ. ನೀರು, ವಿದ್ಯುತ್ತು, ಒಳಚರಂಡಿ, ಕಸವಿಲೇವಾರಿಗಳನ್ನು ನಗರಸಂಸ್ಥೆ ಸಕಾಲದಲ್ಲಿ ಒದಗಿಸುವುದೆಂಬ ನಂಬಿಕೆ ಕುಸಿದುಹೋದುದೇ ಆ ಕಾರಣ. ಇಲ್ಲಿ ಗೋಡೆ ಕಳ್ಳನನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಸೌಕರ್ಯವನ್ನು ಒಳಗೆ ಹಿಡಿದಿಡುವುದಕ್ಕೆ ಎದ್ದದ್ದು.

೩. ಹಡಪಸರದ ಭೂಮಿ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನಗರದ ಪೂರ್ವಕ್ಕೆ ಹಡಪಸರವಿದೆ. ೧೮೭೯ರಲ್ಲಿ ಪೂರ್ಣಗೊಂಡ ಖಡಕವಾಸ್ಲಾ ಅಣೆಕಟ್ಟಿನಿಂದ ಹೊರಟ ಕಾಲುವೆಯ ನೀರು ಈ ಭಾಗಕ್ಕೆ ದೊರೆತು ಕಬ್ಬು, ಕಾಯಿಪಲ್ಯಗಳ ಬೇಸಾಯ ಹುಲುಸಾಗಿ ಬೆಳೆಯಿತು. ೧೯೬೦ರ ದಶಕದಲ್ಲಿ ಹಡಪಸರ, ಮುಂಢವಾಗಳ ಸುತ್ತ ಕೈಗಾರಿಕೆಗಳು ಬಂದವು. ನಗರ ಹೊಲದ ಬದುವಿನವರೆಗೆ ಬಂದು ನಿಂತಿತು. ಹೊಲಗಳ ಬಹುಭಾಗ ಮಗರ ಮನೆತನದ ಶಾಖೋಪಶಾಖೆಗಳ ಕುಟುಂಬಗಳಿಗೆ ಸೇರಿತ್ತು.

ಪುಣೆಯ ಅಭಿವೃದ್ಧಿ ಯೋಜನೆಯ ೧೯೮೨ರ ಕರಡಿನಲ್ಲಿ ಈ ಹೊಲಗಳನ್ನು 'ಮುಂದೆ ನಗರೀಕರಣಕ್ಕೆ ಯೋಗ್ಯವಾದ ವಲಯ' ಎಂದು ಗುರುತಿಸಲಾಯಿತು. ರೈತನ ಪಾಲಿಗೆ ಈ ನಾಲ್ಕು ಪದಗಳ ಅರ್ಥವೇನೆಂಬುದನ್ನು ತಿಳಿಯಬೇಕಾದರೆ ೧೯೭೬ರ ನಗರಭೂಮಿ ಪರಿಮಿತಿ ಶಾಸನವನ್ನು ನೋಡಬೇಕು. ಆ ಶಾಸನದ ಪ್ರಕಾರ ಪುಣೆ, ಬೆಂಗಳೂರು, ಹೈದರಾಬಾದುಗಳಂತಹ ನಗರಗಳಲ್ಲಿ ಒಬ್ಬನು ೧,೦೦೦ ಚದರ ಮೀಟರಿಗಿಂತ ಹೆಚ್ಚು ಖಾಲಿ ಭೂಮಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹೆಚ್ಚಿನ ಭೂಮಿಯನ್ನು ಸರಕಾರ ವಶಪಡಿಸಿಕೊಂಡಾಗ ಕೊಡುವ ಪರಿಹಾರ ಚದರ ಮೀಟರಿಗೆ ೧೦ ರೂಪಾಯಿಯನ್ನು ಮೀರುವಂತಿರಲಿಲ್ಲ. ಒಟ್ಟು ಮೊತ್ತ ೨ ಲಕ್ಷ ರೂಪಾಯಿಯನ್ನು ದಾಟುವಂತಿರಲಿಲ್ಲ. ಬೇಸಾಯದ ಭೂಮಿಗೆ ಈ ಕಟ್ಟಳೆಯಿಂದ ವಿನಾಯಿತಿ ಇತ್ತು. ಆದರೆ ನಗರದ ಯೋಜನೆಯಲ್ಲಿ ಆ ಭೂಮಿಯನ್ನು ಬೇಸಾಯೇತರ ಕಾರ್ಯಕ್ಕೆಂದು ನಮೂದಿಸಿದರೆ ಆ ವಿನಾಯಿತಿ ಉಳಿಯುತ್ತಿರಲಿಲ್ಲ. ಹೀಗಾಗಿ ಹೊಲದಲ್ಲಿ ಕಬ್ಬು ನಿಂತಿದ್ದರೂ ನಕ್ಷೆಯ ಬಣ್ಣ ಬದಲಾದೊಡನೆ ಒಡೆಯನ ಸ್ಥಿತಿ ಅಸ್ಥಿರವಾಗುತ್ತಿತ್ತು.

ಇಂತಹ ಸಂದರ್ಭದಲ್ಲಿ ರೈತನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿದ್ದವು. ಸರಕಾರ ೧೮೯೪ರ ಭೂಸ್ವಾಧೀನ ಶಾಸನದಂತೆ ಭೂಮಿಯನ್ನು ತೆಗೆದುಕೊಳ್ಳುವವರೆಗೆ ಕಾಯುವುದು ಒಂದು. ಅದಕ್ಕಿಂತ ಮುಂಚೆಯೇ ತುಂಡುತುಂಡಾಗಿ ದಲ್ಲಾಳಿಗಳಿಗೆ ಮಾರಿಬಿಡುವುದು ಇನ್ನೊಂದು. ಎರಡರಲ್ಲಿಯೂ ರೈತನಿಗೆ ದೊರೆಯುವುದು ಒಮ್ಮೆ ಬಂದು ಖರ್ಚಾಗಿ ಹೋಗುವ ಹಣ. ಮಗಳ ಮದುವೆ, ಹೊಸ ಮನೆ, ವಾಹನ, ಇಷ್ಟರಲ್ಲಿ ಅದು ಕರಗಿತೆಂದರೆ ಹಿಂದೆ ಒಡೆಯನಾಗಿದ್ದವನು ಅದೇ ಭೂಮಿಯಲ್ಲೆದ್ದ ಕಟ್ಟಡದ ಬಾಗಿಲಲ್ಲಿ ಕಾವಲಿಗೆ ನಿಲ್ಲಬೇಕು. ನಗರದಂಚಿನ ಹಳ್ಳಿಗಳಲ್ಲಿ ಈ ಕಥೆ ಅಪರೂಪವಲ್ಲ.

೪. ಹೊಲದಿಂದ ಷೇರಿಗೆ

ಮಗರ ಕುಟುಂಬಗಳು ಮೂರನೆಯ ದಾರಿಯನ್ನು ಹಿಡಿದವು. ಕೃಷಿ ಪದವೀಧರರಾದ ಸತೀಶ ಮಗರ ಅವರ ಮುಂದಾಳುತನದಲ್ಲಿ ಸುಮಾರು ೧೨೦ ಕುಟುಂಬಗಳು ತಮ್ಮ ಭೂಮಿಯನ್ನು ಮಾರದೆ ಒಟ್ಟುಗೂಡಿಸಿ ತಾವೇ ನಗರವನ್ನು ಕಟ್ಟಬೇಕೆಂದು ನಿಶ್ಚಯಿಸಿದವು. ೧೯೯೩ರಲ್ಲಿ ಈ ಪ್ರಸ್ತಾವವನ್ನು ರಾಜ್ಯ ಸರಕಾರದ ಮುಂದಿಡಲಾಯಿತು. ಆಗ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದವರು ಶರದ ಪವಾರರು. ಅನುಮತಿಗಳು ದೊರೆತು ಕಟ್ಟಡದ ಕೆಲಸ ೨೦೦೦ದಲ್ಲಿ ಪ್ರಾರಂಭವಾಯಿತು. ಒಟ್ಟುಗೂಡಿದ ಭೂಮಿ ೪೦೦ ಎಕರೆಗೂ ಮಿಕ್ಕಿದ್ದು.

ಇದರ ವ್ಯವಸ್ಥೆಯ ತಿರುಳು ಹೀಗಿದೆ. ಕುಟುಂಬಗಳು ಸೇರಿ ಒಂದು ಕಂಪನಿಯನ್ನು ಸ್ಥಾಪಿಸಿದವು. ಪ್ರತಿಯೊಂದು ಕುಟುಂಬಕ್ಕೂ ಅದು ತಂದ ಭೂಮಿಯ ವಿಸ್ತೀರ್ಣಕ್ಕೆ ಅನುಸಾರವಾಗಿ ಷೇರುಗಳು ದೊರೆತವು. ಯಾರ ಹೊಲದಲ್ಲಿ ಕಟ್ಟಡ ಬಂದಿತು, ಯಾರ ಹೊಲದಲ್ಲಿ ಉದ್ಯಾನ ಬಂದಿತು ಎಂಬ ಭೇದ ಇದರಿಂದ ಇಲ್ಲವಾಯಿತು. ಈ ಒಂದು ಅಂಶದ ಮಹತ್ತ್ವವನ್ನು ಗಮನಿಸಬೇಕು. ತುಂಡು ಭೂಮಿಗಳು ಬೇರೆಬೇರೆ ಒಡೆಯರಲ್ಲಿದ್ದರೆ ರಸ್ತೆಗೆ ಅಥವಾ ಉದ್ಯಾನಕ್ಕೆ ಭೂಮಿ ಬಿಡಲು ಯಾರೂ ಒಪ್ಪುವುದಿಲ್ಲ. ಬಿಟ್ಟವನಿಗೆ ನಷ್ಟ, ಪಕ್ಕದವನಿಗೆ ಲಾಭ. ಭೂಮಿ ಷೇರಾಗಿ ಮಾರ್ಪಟ್ಟಾಗ ಉದ್ಯಾನದಿಂದ ಹೆಚ್ಚುವ ಬೆಲೆಯಲ್ಲಿ ಎಲ್ಲರಿಗೂ ಪಾಲು ಬರುವುದರಿಂದ ಸಮಗ್ರ ಯೋಜನೆ ಸಾಧ್ಯವಾಗುತ್ತದೆ.

ಪಶ್ಚಿಮ ಮಹಾರಾಷ್ಟ್ರದ ರೈತರಿಗೆ ಷೇರು ಎಂಬ ಮಾತು ಹೊಸದಾಗಿರಲಿಲ್ಲ. ಪ್ರವರಾನಗರದಲ್ಲಿ ೧೯೫೦ರ ಸುಮಾರಿಗೆ ಕೆಲಸ ಆರಂಭಿಸಿದ ಸಹಕಾರಿ ಸಕ್ಕರೆ ಕಾರಖಾನೆಯಿಂದ ಮೊದಲುಗೊಂಡು ಕಬ್ಬಿನ ಬೆಳೆಗಾರನು ಕಾರಖಾನೆಯ ಪಾಲುದಾರನೂ ಆಗಿರುವ ಪದ್ಧತಿ ಅಲ್ಲಿ ಬೇರೂರಿತ್ತು. ಕಬ್ಬನ್ನು ಒಪ್ಪಿಸಿ ಕಾರಖಾನೆಯ ಲಾಭದಲ್ಲಿ ಪಾಲು ಪಡೆದವರಿಗೆ ಭೂಮಿಯನ್ನು ಒಪ್ಪಿಸಿ ನಗರದ ಲಾಭದಲ್ಲಿ ಪಾಲು ಪಡೆಯುವುದು ಅಸಂಗತವೆನಿಸಲಿಲ್ಲ.

ಹಣದ ಹರಿವನ್ನೂ ತಿಳಿಯುವುದು ಅವಶ್ಯ. ಮೊದಲ ಹಂತದ ಮನೆಗಳನ್ನು ಮಾರಿ ಬಂದ ಹಣದಿಂದ ಮುಂದಿನ ಹಂತಗಳನ್ನು ಕಟ್ಟುತ್ತ ಹೋದುದರಿಂದ ಸಾಲದ ಭಾರ ಮಿತಿಮೀರಲಿಲ್ಲ. ವಾಸದ ಮನೆಗಳನ್ನು ಮಾರಲಾಯಿತು. 'ಸೈಬರ್ ಸಿಟಿ' ಎಂಬ ಕಚೇರಿಗಳ ಭಾಗದಿಂದ ಬಾಡಿಗೆಯ ಆದಾಯ ಬರತೊಡಗಿತು. ೨೦೦೦ದ ತರುವಾಯ ಗಣಕಯಂತ್ರ ಕ್ಷೇತ್ರದ ಸಂಸ್ಥೆಗಳು ಪುಣೆಗೆ ಬಂದ ಕಾಲವೂ ಇದೇ ಆಗಿದ್ದುದು ಯೋಜನೆಗೆ ಅನುಕೂಲವಾಯಿತು. ಸುಗ್ಗಿಗೊಮ್ಮೆ ಬರುತ್ತಿದ್ದ ಆದಾಯದ ಸ್ಥಾನದಲ್ಲಿ ತಿಂಗಳ ಬಾಡಿಗೆ ನಿಂತಿತು.

ಇಷ್ಟೇ ಅಲ್ಲದೆ ಕುಟುಂಬಗಳ ತರುಣರಿಗೆ ಕೆಲಸದ ಶಿಕ್ಷಣವನ್ನು ಕೊಡಲಾಯಿತು. ಮಣ್ಣು ಅಗೆಯುವುದು, ಮರಳು ಜಲ್ಲಿ ಇಟ್ಟಿಗೆಗಳ ಪೂರೈಕೆ, ಸಾಗಣೆ, ತೋಟದ ಆರೈಕೆ ಮೊದಲಾದ ಗುತ್ತಿಗೆಗಳು ಅವರಿಗೇ ದೊರೆತವು. ನೇಗಿಲು ಬಿಟ್ಟ ಕೈ ಬರಿದಾಗಬಾರದೆಂಬುದು ಇದರ ಉದ್ದೇಶ. ಇದೇ ಮಾದರಿಯಲ್ಲಿ ಸಿಂಹಗಡ ರಸ್ತೆಯ ನಾಂದೇಡ ಗ್ರಾಮದ ರೈತರೊಡನೆ ಸೇರಿ ಸುಮಾರು ೭೦೦ ಎಕರೆಯ ನಾಂದೇಡ ಸಿಟಿಯನ್ನು ಮುಂದೆ ಕೈಗೊಳ್ಳಲಾಯಿತು.

೫. ಒಳಗಿನ ಜೀವನ

ಇಂದು ಹೆಬ್ಬಾಗಿಲನ್ನು ದಾಟಿ ಒಳಗೆ ಹೋದವನಿಗೆ ಎರಡೂ ಬದಿಯಲ್ಲಿ ಮರಗಳಿರುವ ಅಗಲವಾದ ರಸ್ತೆಗಳೂ ಪಾದಚಾರಿಗಳ ದಾರಿಗಳೂ ಕಾಣುತ್ತವೆ. ವಸತಿಯ ಭಾಗಗಳಿಗೆ ಜಾಸ್ಮಿನಿಯಂ, ಟ್ರಿಲಿಯಂ, ಡ್ಯಾಫೊಡಿಲ್, ಕಾಸ್ಮಾಸ್, ಹೆಲಿಕೋನಿಯಾ, ಝಿನ್ನಿಯಾ ಎಂಬ ಹೆಸರುಗಳನ್ನಿಟ್ಟಿದ್ದಾರೆ. ಕಬ್ಬು ಕಾಯಿಪಲ್ಯಗಳು ಬೆಳೆದ ಹೊಲದ ಹೆಸರುಗಳು ಸಾತಬಾರಾ ಉತಾರದ ಕಡತಗಳಲ್ಲಿ ಉಳಿದು ಬೀದಿಯ ಫಲಕಗಳ ಮೇಲೆ ಪರದೇಶದ ಹೂಗಳ ಹೆಸರುಗಳು ಏರಿದುದು ಬದಲಾದ ಅಭಿರುಚಿಯ ಗುರುತು. ನಡುವೆ ವಿಶಾಲವಾದ ಅದಿತಿ ಉದ್ಯಾನವಿದೆ. ಶಾಲೆ, ಅಂಗಡಿಸಾಲು, ಕಚೇರಿಗಳು ಕಾಲ್ನಡಿಗೆಯ ಅಳತೆಯಲ್ಲಿವೆ. ಮನೆ, ದುಡಿಮೆ, ಓದು, ವಿಹಾರ ಇವು ಒಂದೇ ಆವರಣದಲ್ಲಿ ದೊರೆಯಬೇಕೆಂಬುದೇ ಯೋಜನೆಯ ಮೂಲಭಾವ. ವಾಹನಗಳ ಸಂದಣಿಯಲ್ಲಿ ದಿನಕ್ಕೆ ಎರಡು ಮೂರು ತಾಸು ಕಳೆಯುವ ನಗರವಾಸಿಗೆ ಇದರ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಕಸದ ವಿಷಯದಲ್ಲಿ ಇಲ್ಲಿಯ ಕ್ರಮ ಹೆಸರುವಾಸಿಯಾಗಿದೆ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಿ ಕೊಡಬೇಕು. ಹಸಿ ಕಸದಿಂದ ಗೊಬ್ಬರವನ್ನೂ ಅನಿಲವನ್ನೂ ಮಾಡಲಾಗುತ್ತದೆ. ಗೊಬ್ಬರ ಉದ್ಯಾನಕ್ಕೇ ಹೋಗುತ್ತದೆ. ಮಾಳಿಗೆಯ ಮೇಲೆ ಸೂರ್ಯನ ಶಾಖದಿಂದ ನೀರು ಕಾಯಿಸುವ ಸಲಕರಣೆಗಳಿವೆ. ಭಾರತ ಸರಕಾರದ ೨೦೧೬ರ ಘನತ್ಯಾಜ್ಯ ನಿಯಮಗಳು ೫,೦೦೦ ಚದರ ಮೀಟರಿಗೆ ಮೀರಿದ ಹೆಬ್ಬಾಗಿಲ ಬಡಾವಣೆಗಳೆಲ್ಲ ಕಸವನ್ನು ಮೂಲದಲ್ಲಿಯೇ ವಿಂಗಡಿಸಬೇಕೆಂದು ವಿಧಿಸಿದವು. ಒಂದು ಸಂಗತಿ ಇಲ್ಲಿ ಗಮನಾರ್ಹ: 'ಗೇಟೆಡ್ ಕಮ್ಯುನಿಟಿ' ಎಂಬ ಮಾರಾಟದ ಮಾತು ಆ ನಿಯಮಗಳಲ್ಲಿ ಶಾಸನದ ಮಾತೂ ಆಯಿತು.

ಇಂತಹ ಬಡಾವಣೆಗಳ ಆಡಳಿತ ನಡೆಯುವ ಬಗೆಯನ್ನು ಮನೆ ಕೊಳ್ಳುವವರೆಲ್ಲರೂ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ ೧೯೬೩ರ ಮಾಲಿಕತ್ವದ ಫ್ಲ್ಯಾಟುಗಳ ಶಾಸನದ ಪ್ರಕಾರ ಕಟ್ಟಡ ಕಟ್ಟಿದವನು ಮನೆಯೊಡೆಯರ ಸಂಘವನ್ನು ಸ್ಥಾಪಿಸಿ ಭೂಮಿಯ ಒಡೆತನವನ್ನು ಅದಕ್ಕೆ ವರ್ಗಾಯಿಸಿಕೊಡಬೇಕು. ಸಂಘಗಳು ಸಾಮಾನ್ಯವಾಗಿ ೧೯೬೦ರ ಸಹಕಾರಿ ಸಂಘಗಳ ಶಾಸನದ ಅಡಿಯಲ್ಲಿ ದಾಖಲಾಗುತ್ತವೆ. ವರ್ಗಾವಣೆ ಆಗದ ತನಕ ಮನೆಯೊಡೆಯನು ಗೋಡೆ ಸೂರುಗಳ ಒಡೆಯನೇ ಹೊರತು ಕಾಲಡಿಯ ಭೂಮಿ ಸಂಘದ ಹೆಸರಿಗೆ ಬಂದಿರುವುದಿಲ್ಲ. ಅನೇಕ ಕಡೆ ಈ ವರ್ಗಾವಣೆ ವರ್ಷಗಟ್ಟಲೆ ನಡೆಯದೆ ಉಳಿದುದರಿಂದ, ಕಟ್ಟಿದವನು ಮುಂದೆ ಬಾರದಿದ್ದರೂ ಸಂಘವು ಅಧಿಕಾರಿಯಿಂದ ಒಡೆತನವನ್ನು ಪಡೆಯಬಹುದಾದ ಕ್ರಮವನ್ನು ೨೦೦೮ರ ತಿದ್ದುಪಡಿಯಲ್ಲಿ ತರಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಸಂಬಂಧಿಸಿದಂತೆ ೧೯೭೨ರ ಶಾಸನವೊಂದಿದೆ. ೨೦೧೬ರ ಸ್ಥಿರಾಸ್ತಿ ಶಾಸನವು, ಅಂದರೆ ಜನರು 'ರೇರಾ' ಎನ್ನುವ ಕಾಯಿದೆಯು, ಕೊಳ್ಳುವವರಿಂದ ಬಂದ ಹಣದ ಶೇಕಡಾ ೭೦ ಭಾಗವನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿ ಇಡಬೇಕೆಂದೂ ಕಟ್ಟಡದ ರಚನೆಯಲ್ಲಿ ಐದು ವರ್ಷದೊಳಗೆ ಕಂಡ ದೋಷವನ್ನು ಕಟ್ಟಿದವನೇ ಸರಿಪಡಿಸಬೇಕೆಂದೂ ವಿಧಿಸಿದೆ.

ತಿಂಗಳು ತಿಂಗಳು ಕೊಡುವ 'ಮೇಂಟೆನೆನ್ಸ್' ಹಣದಿಂದ ಕಾವಲು, ಲಿಫ್ಟು, ದೀಪ, ನೀರಿನ ಪಂಪು, ತೋಟ, ಕೊಳಚೆನೀರಿನ ಶುದ್ಧೀಕರಣ ಇವೆಲ್ಲ ನಡೆಯಬೇಕು. ಕಟ್ಟಡಗಳು ಹೊಸದಾಗಿರುವಾಗ ಈ ವೆಚ್ಚ ಹಗುರವಾಗಿ ತೋರುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದ ಬಳಿಕ ಕೊಳವೆಗಳು ಸವೆಯುತ್ತವೆ, ಲಿಫ್ಟುಗಳನ್ನು ಬದಲಾಯಿಸಬೇಕಾಗುತ್ತದೆ, ಗೋಡೆಗಳು ನೀರು ಕುಡಿಯುತ್ತವೆ. ಅಷ್ಟರಲ್ಲಿ ಮೊದಲು ಕೊಂಡವರು ನಿವೃತ್ತರಾಗಿ ಅವರ ಆದಾಯ ಕುಗ್ಗಿರುತ್ತದೆ. ದುರಸ್ತಿಯ ನಿಧಿಯನ್ನು ಮೊದಲಿನಿಂದಲೇ ಕೂಡಿಡದ ಸಂಘ ಆಗ ಸಂಕಟಕ್ಕೆ ಸಿಲುಕುವುದು ನಿಶ್ಚಿತ. ೨೦೦೦ದ ಆಸುಪಾಸಿನಲ್ಲಿ ಕಟ್ಟಿದ ಬಡಾವಣೆಗಳು ದೇಶದಾದ್ಯಂತ ಈಗ ಈ ಘಟ್ಟವನ್ನು ಮುಟ್ಟಿವೆ.

೬. ಗೋಡೆಯ ಹೊರಗೆ

ಭೂಮಿಯಿದ್ದವರು ಷೇರುದಾರರಾದರು, ಭೂಮಿ ಇಲ್ಲದವರಿಗೆ ಷೇರು ದೊರೆಯುವ ಪ್ರಶ್ನೆಯೇ ಏಳಲಿಲ್ಲ. ಹೊಲದಲ್ಲಿ ದುಡಿದ ಕೂಲಿಗಾರರು ಸಾತಬಾರಾ ಉತಾರದಲ್ಲಿ ಹೆಸರಿಲ್ಲದವರು. ಭೂಮಿಯನ್ನು ಷೇರಾಗಿ ಪರಿವರ್ತಿಸುವ ಯಾವ ಯೋಜನೆಯೇ ಆಗಲಿ, ಹಿಂದಿನ ಒಡೆತನದ ಪಟ್ಟಿಯನ್ನು ಹಾಗೆಯೇ ಮುಂದಿನ ಲಾಭದ ಪಟ್ಟಿಯನ್ನಾಗಿ ಮಾಡುತ್ತದೆ. ಸಾಯಿ ಬಾಲಕೃಷ್ಣನ್ ಅವರ 'ಷೇರ್‌ಹೋಲ್ಡರ್ ಸಿಟೀಸ್' ಎಂಬ ೨೦೧೯ರ ಗ್ರಂಥ ಮಹಾರಾಷ್ಟ್ರದ ಹೆದ್ದಾರಿಗಳ ಬದಿಯಲ್ಲಿ ಹುಟ್ಟಿದ ಇಂತಹ ನಗರಗಳನ್ನು ಪರಿಶೀಲಿಸಿದೆ. ಮಗರಪಟ್ಟಾ ಅದರಲ್ಲಿಯ ಒಂದು ನಿದರ್ಶನ. ಸಕ್ಕರೆ ಸಹಕಾರಿಗಳ ಕಾಲದ ಕೃಷಿಕ ಪ್ರಾಬಲ್ಯ ಹೊಸ ನಗರಗಳ ರಚನೆಯಲ್ಲಿಯೂ ಮುಂದುವರಿದಿರುವುದನ್ನು ಆ ಗ್ರಂಥ ಎತ್ತಿ ತೋರಿಸುತ್ತದೆ. ಒಂದೇ ಮನೆತನ, ಒಂದೇ ಜಾತಿ, ರಾಜಧಾನಿಯವರೆಗೆ ಸಂಪರ್ಕ, ಇವು ಇದ್ದಲ್ಲಿ ಒಗ್ಗಟ್ಟು ಸುಲಭ. ಸಣ್ಣ ಹಿಡುವಳಿಗಳೂ ಹಲವು ಜಾತಿಗಳೂ ಸೇರಿದ ಗ್ರಾಮಗಳಲ್ಲಿ ಇದೇ ಮಾದರಿ ಇಷ್ಟೇ ಸಲೀಸಾಗಿ ಸಾಗುವುದೆಂದು ಭಾವಿಸಲಾಗದು.

ಒಳಗಿನ ಜೀವನ ಹೊರಗಿನವರ ದುಡಿಮೆಯನ್ನು ಅವಲಂಬಿಸಿದೆ ಎಂಬುದು ಎರಡನೆಯ ಅಂಶ. ಮನೆಗೆಲಸದವರು, ಅಡುಗೆಯವರು, ವಾಹನ ಚಾಲಕರು, ಕಾವಲುಗಾರರು, ತೋಟದವರು ಬೆಳಗಾದೊಡನೆ ಹೆಬ್ಬಾಗಿಲಿಗೆ ಬರುತ್ತಾರೆ, ಚೀಟಿ ತೋರಿಸಿ ಒಳಹೋಗುತ್ತಾರೆ, ಸಂಜೆ ಹೊರಬೀಳುತ್ತಾರೆ. ಕೊಪ್ಪಳ, ರಾಯಚೂರು, ಕಲಬುರಗಿ, ವಿಜಯಪುರಗಳ ಕಡೆಯಿಂದ ಪುಣೆಯ ಕಟ್ಟಡಗಳಿಗೆ ದುಡಿಯಲು ಬಂದ ಕನ್ನಡಿಗರೂ ಉಂಟು. ಅದೇ ಪುಣೆಯ ಕಚೇರಿಗಳಲ್ಲಿ ಧಾರವಾಡ, ಬೆಳಗಾವಿಗಳಿಂದ ಬಂದ ಎಂಜಿನಿಯರರೂ ಉಂಟು. ಒಂದೇ ಭಾಷೆಯನ್ನಾಡುವ ಈ ಎರಡು ವರ್ಗಗಳ ನಡುವೆ ಹೆಬ್ಬಾಗಿಲೊಂದು ನಿಂತಿದೆ. ಹೊರನಾಡಿನ ಕನ್ನಡ ಸಂಘಗಳು ಯಾರನ್ನು ಸದಸ್ಯರೆಂದು ಎಣಿಸುತ್ತವೆ ಎಂಬ ಪ್ರಶ್ನೆಗೂ ಇದಕ್ಕೂ ನೇರವಾದ ಸಂಬಂಧವಿದೆ.

ಮೂರನೆಯದು ನೀರು. ಖಡಕವಾಸ್ಲಾದ ಕಾಲುವೆ ಹಡಪಸರವನ್ನು ದಾಟಿ ದೌಂಡ, ಇಂದಾಪುರಗಳ ಹೊಲಗಳಿಗೆ ಹೋಗುತ್ತದೆ. ಅದೇ ಜಲಾಶಯಗಳು ಪುಣೆಯ ಕುಡಿಯುವ ನೀರಿಗೂ ಆಧಾರ. ನಗರದಂಚಿನ ಹೊಲ ವಸತಿಯಾಗಿ ಬದಲಾದಾಗ ನೀರಿನ ಮೇಲಿನ ಹಕ್ಕೂ ಸದ್ದಿಲ್ಲದೆ ಹೊಲದಿಂದ ಮನೆಗೆ ಸರಿಯುತ್ತದೆ. ಬಡಾವಣೆಯೊಂದು ತನ್ನ ಕೊಳಚೆನೀರನ್ನು ಶುದ್ಧಗೊಳಿಸಿ ಮರಳಿ ಬಳಸುವುದು ಆದಕಾರಣ ಶೋಭೆಯ ಕಾರ್ಯವಲ್ಲ. ಕೆಳಗಿನ ರೈತನಿಗೆ ಸಲ್ಲಬೇಕಾದ ಋಣ.

ಗೋಡೆಗೆ ನೀರನ್ನು ತಡೆಯುವ ಶಕ್ತಿಯಿಲ್ಲವೆಂಬುದನ್ನು ಬೆಂಗಳೂರು ಕಂಡಿದೆ. ೨೦೨೨ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರುಗಳ ಕಡೆ ಕೋಟ್ಯಂತರ ಬೆಲೆಯ ಮನೆಗಳ ಬಡಾವಣೆಗಳು ಜಲಾವೃತವಾದವು. ನಿವಾಸಿಗಳನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳು ಒತ್ತುವರಿಯಿಂದ ಕಿರಿದಾಗಿದ್ದುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕಾಲುವೆ ಯಾವ ಒಂದು ಬಡಾವಣೆಯ ಸ್ವತ್ತೂ ಅಲ್ಲ. ಅದನ್ನು ಕಾಯುವುದು ಇಡಿಯ ನಗರದ ಹೊಣೆ. ಆ ಹೊಣೆಯನ್ನು ನಗರ ಮರೆತಾಗ ಬಡವನ ಗುಡಿಸಲೂ ಸಿರಿವಂತನ ಮನೆಯೂ ಒಂದೇ ಮಳೆಯಲ್ಲಿ ಮುಳುಗುತ್ತವೆ.

೭. ಮತಾಧಿಕಾರದ ಪ್ರಶ್ನೆ

ಇವೆಲ್ಲಕ್ಕಿಂತ ಆಳವಾದ ಪ್ರಶ್ನೆ ಆಡಳಿತದ್ದು. ಸಂವಿಧಾನದ ೭೪ನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದಿತು. ನಗರಸಂಸ್ಥೆಗಳಿಗೆ ನಿಯತವಾಗಿ ಚುನಾವಣೆ ನಡೆಯಬೇಕೆಂಬುದು ಅದರ ಮುಖ್ಯ ವಿಧಿಗಳಲ್ಲೊಂದು. ಮಗರಪಟ್ಟಾದ ಪ್ರಸ್ತಾವ ಸರಕಾರದ ಮುಂದೆ ಬಂದದ್ದೂ ಅದೇ ವರ್ಷ. ನಗರವನ್ನು ಆಳುವ ಎರಡು ಮಾರ್ಗಗಳು, ಮತದಾರರ ಪಾಲಿಕೆ ಮತ್ತು ಪಾಲುದಾರರ ಕಂಪನಿ, ಒಂದೇ ಕಾಲದಲ್ಲಿ ಹೊರಟಂತಾಯಿತು.

ಪಾಲಿಕೆಯಲ್ಲಿ ಬಾಡಿಗೆಯವನಿಗೂ ಮನೆಗೆಲಸದವಳಿಗೂ ಒಂದೊಂದು ಮತವಿದೆ. ಗೃಹಸಂಘದಲ್ಲಿ ಮತವಿರುವುದು ಒಡೆಯ ಸದಸ್ಯನಿಗೆ ಮಾತ್ರ. ಹತ್ತು ವರ್ಷ ಬಾಡಿಗೆಗಿದ್ದವನೂ ಸಭೆಯಲ್ಲಿ ಮತ ಹಾಕಲಾರನು. ಕಂಪನಿಯಲ್ಲಿಯೋ ಮತದ ತೂಕ ಷೇರುಗಳ ಸಂಖ್ಯೆಗೆ ತಕ್ಕಂತೆ. ದೀಪ, ರಸ್ತೆ, ನೀರು, ಕಸಗಳ ನಿರ್ಣಯ ಪಾಲಿಕೆಯಿಂದ ಸಂಘಕ್ಕೂ ಕಂಪನಿಗೂ ಸರಿದಂತೆಲ್ಲ ಆ ನಿರ್ಣಯದಲ್ಲಿ ಮಾತುಳ್ಳವರ ವಲಯ ಕಿರಿದಾಗುತ್ತ ಹೋಗುತ್ತದೆ.

ಆದರೆ ದೋಷವನ್ನೆಲ್ಲ ಬಡಾವಣೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪುಣೆ ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ ೨೦೨೨ರ ಮಾರ್ಚಿಯಲ್ಲಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಅದು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಬೆಂಗಳೂರಿನ ಪಾಲಿಕೆಯಲ್ಲಿಯೂ ೨೦೨೦ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ತರುವಾಯ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಪ್ರಜೆಯ ಮತಕ್ಕೆ ಪಾಲಿಕೆಯಲ್ಲಿ ಎಡೆಯಿಲ್ಲದಿದ್ದಾಗ, ಕೊಳಾಯಿ ಏಕೆ ಬತ್ತಿತೆಂದು ಕೇಳಲು ಸಂಘದ ಸಭೆಯೊಂದೇ ಉಳಿಯುತ್ತದೆ. ಗೋಡೆ ಎತ್ತರವಾದುದು ಒಳಗಿನವರ ಅಹಂಕಾರದಿಂದ ಮಾತ್ರವಲ್ಲ, ಹೊರಗಿನ ಆಡಳಿತದ ಶೂನ್ಯದಿಂದ ಕೂಡ.

ರಸ್ತೆಗಳ ವಿಷಯದಲ್ಲಿಯೂ ಒಂದು ವಿವೇಕ ಅವಶ್ಯ. ಬಡಾವಣೆಯ ನಕ್ಷೆಗೆ ಅನುಮತಿ ಪಡೆಯುವಾಗ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕರ ಸ್ವತ್ತು. ಅಲ್ಲಿ ಬಾಗಿಲಿಟ್ಟು ದಾರಿಹೋಕನನ್ನು ತಡೆಯುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಬಿಟ್ಟುಕೊಡದೆ ಖಾಸಗಿಯಾಗಿ ಉಳಿದ ರಸ್ತೆಯ ಮಾತು ಬೇರೆ. ಮನೆ ಕೊಳ್ಳುವವನು ಈ ಭೇದವನ್ನು ಕ್ರಯಪತ್ರಕ್ಕೆ ಸಹಿ ಮಾಡುವ ಮುನ್ನ ಮಂಜೂರಾದ ನಕ್ಷೆಯನ್ನು ನೋಡಿಯೇ ತಿಳಿದುಕೊಳ್ಳಬೇಕು. ಮಾರಾಟದ ಪತ್ರಿಕೆಯಲ್ಲಿ ಅದು ಕಾಣಿಸದು.

೮. ಉಪಸಂಹಾರ

ಮಗರಪಟ್ಟಾದ ವೃತ್ತಾಂತದಿಂದ ದೊರೆಯುವ ನಿರ್ಣಯಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ನಗರೀಕರಣದಲ್ಲಿ ಭೂಮಿಯ ಒಡೆಯನು ನಿರ್ಗತಿಕನಾಗಲೇಬೇಕೆಂಬ ನಿಯಮವಿಲ್ಲ. ಭೂಮಿಯನ್ನು ಒಟ್ಟುಗೂಡಿಸಿ ಪಾಲನ್ನು ಉಳಿಸಿಕೊಂಡರೆ ಅವನೂ ನಗರದ ಏಳಿಗೆಯಲ್ಲಿ ಭಾಗಿಯಾಗಬಲ್ಲನು. ೧೯೭೬ರ ಪರಿಮಿತಿ ಶಾಸನವನ್ನು ಮಹಾರಾಷ್ಟ್ರ ೨೦೦೭ರಲ್ಲಿ ಕೈಬಿಟ್ಟಿತು. ೧೮೯೪ರ ಭೂಸ್ವಾಧೀನ ಶಾಸನದ ಬದಲಿಗೆ ೨೦೧೩ರ ಹೊಸ ಶಾಸನ ಬಂದು ಪರಿಹಾರವನ್ನು ಹೆಚ್ಚಿಸಿತು, ಭೂಮಿಯನ್ನವಲಂಬಿಸಿ ದುಡಿಯುವವರ ಪುನರ್ವಸತಿಯನ್ನೂ ಗಣನೆಗೆ ತಂದಿತು. ಮಗರ ಕುಟುಂಬಗಳು ಸ್ವಂತ ಬಲದಿಂದ ಪಡೆದುದರಲ್ಲಿ ಒಂದಂಶವನ್ನಾದರೂ ಕಾನೂನು ಎಲ್ಲರಿಗೂ ಕೊಡಲು ಯತ್ನಿಸಿದೆ ಎನ್ನಬಹುದು.

ಇನ್ನು ಒಳಗೆ ನೆಲೆಸಿದವರ ಕರ್ತವ್ಯ. ಸಂಘದ ವಾರ್ಷಿಕ ಸಭೆಗೆ ಹೋಗುವುದು, ದುರಸ್ತಿಯ ನಿಧಿಯ ಲೆಕ್ಕ ಕೇಳುವುದು, ಭೂಮಿಯ ಒಡೆತನ ಸಂಘಕ್ಕೆ ಬಂದಿದೆಯೇ ಎಂದು ವಿಚಾರಿಸುವುದು, ಒಳಗೆ ದುಡಿಯುವವರಿಗೆ ಕುಡಿಯುವ ನೀರು, ಶೌಚಗೃಹ, ಕುಳಿತುಕೊಳ್ಳಲು ನೆರಳು ಇವೆಯೇ ಎಂದು ನೋಡುವುದು, ಇವಿಷ್ಟು ಗೋಡೆಯೊಳಗಿನ ಕೆಲಸ. ಪಾಲಿಕೆಯ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಇರುವಂತೆ ನೋಡಿಕೊಂಡು ಚುನಾವಣೆಯ ದಿನ ಮತ ಹಾಕುವುದು ಗೋಡೆಯ ಹೊರಗಿನ ಕೆಲಸ. ನೆಲೆ ಬದಲಿಸಿ ಪರಪ್ರಾಂತಕ್ಕೆ ಬಂದ ಕುಟುಂಬಗಳು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವುದುಂಟು. ಹುಟ್ಟೂರಿನ ಪಟ್ಟಿಯಲ್ಲಿ ಹೆಸರು, ಬಾಳುವ ಊರಿನಲ್ಲಿ ಮೌನ ಎಂಬ ಸ್ಥಿತಿ ಇದರಿಂದ ಉಂಟಾಗುತ್ತದೆ. ಕಾಲುವೆ, ಹೆದ್ದಾರಿ, ಮಳೆನೀರಿನ ಹಾದಿ ಇವುಗಳ ಮೇಲಿನ ನಿರ್ಣಯಗಳು ಯಾವ ಸೊಸೈಟಿಯ ಸಭೆಯಲ್ಲಿಯೂ ಆಗುವುದಿಲ್ಲ. ಅವು ಪಾಲಿಕೆಯಲ್ಲಿ, ವಿಧಾನಸಭೆಯಲ್ಲಿ ಆಗುತ್ತವೆ. ಹೆಬ್ಬಾಗಿಲೊಳಗಣ ಬಾಳು ಎಷ್ಟು ಕಾಲ ಸುಖವಾಗಿ ಉಳಿಯುವುದೆಂಬುದು ಕೊನೆಗೆ ಆ ನಿರ್ಣಯಗಳನ್ನೇ ಹೊಂದಿಕೊಂಡಿದೆ.